ಹಾಡಿದ ಟ್ರ್ಯಾಕ್ ಎಡಿಟ್ ಮಾಡುವುದು: ಲಾಜಿಕ್ ಪ್ರೊನಲ್ಲಿ ಯಾವ ಟೂಲ್ ಹಿಡಿಯಬೇಕು, ಎಲ್ಲಿ ಕತ್ತರಿಸಬೇಕು

ಆಪಲ್‌ನ ಸಂಗೀತ ಧ್ವನಿಮುದ್ರಣ ಸಾಫ್ಟ್‌ವೇರ್ ಲಾಜಿಕ್ ಪ್ರೊನ ಟೂಲ್ ಮೆನು ತೆರೆದರೆ 12ಕ್ಕೂ ಹೆಚ್ಚು ಟೂಲ್‌ಗಳು ಸಾಲಾಗಿ ಕಾಣುತ್ತವೆ. ಹಾಡಿನ ಧ್ವನಿಯನ್ನು ಎಡಿಟ್ ಮಾಡುವವರಿಗೆ ನಿಜವಾಗಿ ಬೇಕಾಗುವುದು ಮೂರೇ: ಪಾಯಿಂಟರ್ (ಆರಿಸಿ ಸರಿಸಲು), ಮಾರ್ಕೀ (ಬೇಕಾದ ಭಾಗವನ್ನಷ್ಟೇ ಆರಿಸಲು), ಫೇಡ್ (ಅಂಚಿನ ಸದ್ದನ್ನು ಮೆಲ್ಲಗೆ ಏರಿಸಲು, ಇಳಿಸಲು). ಕತ್ತರಿಯ ಚಿತ್ರವಿರುವ ಸಿಸರ್ಸ್ ಟೂಲ್ ಈ ಮೂರರಲ್ಲಿ ಇಲ್ಲ ಎನ್ನುವುದು ಹೊಸಬರಿಗೆ ವಿಚಿತ್ರ ಅನಿಸಬಹುದು. ಆದರೆ ಎಡಿಟ್ ಕೆಟ್ಟಿತು ಎಂದು ದೂರುವ ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಇರುವುದು ಟೂಲ್‌ನಲ್ಲಲ್ಲ. ಸ್ನ್ಯಾಪ್ ಯಾವುದಕ್ಕೆ ಇಟ್ಟಿದ್ದಾರೆ, ಡ್ರ್ಯಾಗ್ ಮೋಡ್ ಯಾವುದು, ಅಕ್ಷರದ ಯಾವ ಭಾಗದಲ್ಲಿ ಗೆರೆ ಬಿದ್ದಿದೆ ಎಂಬುದರಲ್ಲಿ. ಹಾಗಾಗಿ ಇಲ್ಲಿ ಟೂಲ್‌ಗಳ ಜೊತೆ ಆ ಮೂರನ್ನೂ ಸೇರಿಸಿಯೇ ಹೇಳಿದೆ.

ಟೂಲ್ ಆರಿಸುವ ಬಗೆ

ಮೊದಲ ಕೆಲಸ: ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ ‘ಎನೇಬಲ್ ಕಂಪ್ಲೀಟ್ ಫೀಚರ್ಸ್’ ಆನ್ ಆಗಿದೆಯೇ ನೋಡಿ. ಅದು ಆಫ್ ಇದ್ದರೆ ಮುಂದೆ ಹೇಳುವ ಕೆಲವು ಸಂಗತಿಗಳು ನಿಮ್ಮ ಪರದೆಯ ಮೇಲೆ ಕಾಣಿಸುವುದೇ ಇಲ್ಲ.

ಟ್ರ್ಯಾಕ್‌ಗಳಿರುವ ಜಾಗದ ಮೇಲಂಚಿನಲ್ಲಿ ಎರಡು ಟೂಲ್ ಬಟನ್‌ಗಳಿವೆ. ಎಡಗಡೆಯದು ಸಾಮಾನ್ಯ ಕ್ಲಿಕ್‌ಗೆ, ಬಲಗಡೆಯದು ಕಮಾಂಡ್ ಕೀಲಿ ಒತ್ತಿ ಹಿಡಿದು ಮಾಡುವ ಕ್ಲಿಕ್‌ಗೆ. ಎಡಕ್ಕೆ ಪಾಯಿಂಟರ್, ಬಲಕ್ಕೆ ಮಾರ್ಕೀ ಇಟ್ಟುಬಿಡಿ. ಮತ್ತೆ ಅದನ್ನು ಬದಲಿಸುವ ಅಗತ್ಯ ಅಪರೂಪ.

ಬೇರೆ ಟೂಲ್ ಬೇಕಾದಾಗ ಮೌಸನ್ನು ಮೇಲಕ್ಕೆ ಓಡಿಸಬೇಕಿಲ್ಲ. ‘ಟಿ’ ಒತ್ತಿದರೆ ಮೆನು ತೆರೆಯುತ್ತದೆ. ಪ್ರತಿ ಟೂಲ್‌ನ ಎದುರಿಗೆ ಅದರ ಅಕ್ಷರ ಬರೆದಿರುತ್ತದೆ. ‘ಟಿ’ ಆಮೇಲೆ ‘ಐ’ ಒತ್ತಿದರೆ ಸಿಸರ್ಸ್, ‘ಆರ್’ ಒತ್ತಿದರೆ ಮಾರ್ಕೀ, ‘ಎ’ ಒತ್ತಿದರೆ ಫೇಡ್, ‘ಜಿ’ ಒತ್ತಿದರೆ ಗ್ಲೂ, ‘ಎಂ’ ಒತ್ತಿದರೆ ಮ್ಯೂಟ್. ‘ಟಿ’ಯನ್ನೇ ಎರಡು ಸಲ ಒತ್ತಿದರೆ ಪಾಯಿಂಟರ್‌ಗೆ ವಾಪಸ್. ಕೆಲಸ ಮುಗಿದ ಕೂಡಲೇ ಈ ‘ಟಿ ಟಿ’ ಬೆರಳಿಗೆ ಅಭ್ಯಾಸವಾಗಬೇಕು. ಇರೇಸರ್ ಕೈಯಲ್ಲೇ ಇದೆ ಎಂಬುದನ್ನು ಮರೆತು ರೀಜನ್ (ಟ್ರ್ಯಾಕ್ ಮೇಲಿನ ಧ್ವನಿಯ ತುಂಡು) ಸರಿಸಲು ಹೋಗಿ ಅಳಿಸಿಬಿಡುವುದು ಎಲ್ಲರಿಗೂ ಗೊತ್ತಿರುವ ಅನಾಹುತ.

‘ಟಿ’ ಒತ್ತಿದರೂ ಮೆನು ಬರುತ್ತಿಲ್ಲವೇ? ಮೂರು ಕಾರಣ ಹುಡುಕಿ. ಮ್ಯೂಸಿಕಲ್ ಟೈಪಿಂಗ್ ಕಿಟಕಿ ತೆರೆದಿದ್ದರೆ ಅಕ್ಷರದ ಕೀಲಿಗಳೆಲ್ಲ ಹಾರ್ಮೋನಿಯಂ ಮನೆಗಳಾಗಿಬಿಡುತ್ತವೆ, ‘ಟಿ’ ಒತ್ತಿದರೆ ಎಫ್ ಶಾರ್ಪ್ ಕೇಳಿಸುತ್ತದೆ; ಕಮಾಂಡ್-ಕೆ ಒತ್ತಿ ಅದನ್ನು ಮುಚ್ಚಿ. ಮ್ಯಾಕ್‌ನಲ್ಲಿ ಕನ್ನಡ ಕೀಲಿಮಣೆ ಆನ್ ಇದ್ದರೆ ಇಂಗ್ಲಿಷ್‌ಗೆ ಬದಲಿಸಿ ನೋಡಿ. ಟ್ರ್ಯಾಕ್‌ಗೆ ಕನ್ನಡದಲ್ಲಿ ಹೆಸರು ಬರೆದು ಹಾಗೇ ಬಿಡುವವರಿಗೆ ಇದು ಆಗುತ್ತದೆ. ಮೂರನೆಯದು, ಕೀಲಿಯ ಗಮನ ಬೇರೆ ಕಿಟಕಿಯಲ್ಲಿರಬಹುದು. ಟ್ರ್ಯಾಕ್ ಜಾಗ, ಪಿಯಾನೋ ರೋಲ್, ಆಡಿಯೋ ಎಡಿಟರ್ ಒಂದೊಂದಕ್ಕೂ ಅದರದೇ ಟೂಲ್ ಆಯ್ಕೆ ಇರುತ್ತದೆ. ಯಾವ ಜಾಗದಲ್ಲಿ ಕೆಲಸವೋ ಅಲ್ಲಿನ ಖಾಲಿ ಜಾಗದ ಮೇಲೆ ಒಮ್ಮೆ ಕ್ಲಿಕ್ ಮಾಡಿ ಆಮೇಲೆ ‘ಟಿ’ ಒತ್ತಿ.

ಸೆಟ್ಟಿಂಗ್ಸ್‌ನ ಜನರಲ್ ಪುಟದ ಎಡಿಟಿಂಗ್ ವಿಭಾಗದಲ್ಲಿ ‘ಪಾಯಿಂಟರ್ ಟೂಲ್ ಇನ್ ಟ್ರ್ಯಾಕ್ಸ್ ಪ್ರೊವೈಡ್ಸ್’ ಎಂಬ ಸಾಲಿದೆ. ಅದರಲ್ಲಿ ಫೇಡ್ ಮತ್ತು ಮಾರ್ಕೀ ಎರಡು ಚೌಕಗಳಿಗೂ ಗುರುತು ಹಾಕಬಹುದು. ಆಗ ಪಾಯಿಂಟರ್ ಒಂದೇ ಮೂರು ಕೆಲಸ ಮಾಡುತ್ತದೆ: ರೀಜನ್‌ನ ಮೇಲರ್ಧದಲ್ಲಿ ಪಾಯಿಂಟರ್, ಕೆಳಗಿನರ್ಧದಲ್ಲಿ ಮಾರ್ಕೀ, ಮೇಲಿನ ಮೂಲೆಗಳಲ್ಲಿ ಫೇಡ್. ಟ್ರ್ಯಾಕ್ ಎತ್ತರ ಕಡಿಮೆ ಇಟ್ಟು ಕೆಲಸ ಮಾಡುವವರಿಗೆ ಇದು ಕಾಟ, ಯಾಕೆಂದರೆ ಹಿಡಿಯಲು ಹೋದದ್ದೊಂದು, ಸಿಗುವುದು ಇನ್ನೊಂದು. ಟ್ರ್ಯಾಕ್ ಎತ್ತರ ಹೆಚ್ಚಿಸಿಕೊಂಡರೆ ಮಾತ್ರ ಇದು ವರ.

ಕೈ ಹಾಕುವ ಮೊದಲು ಎರಡು ಮೆನು ನೋಡಿ

ಟೂಲ್ ಬಟನ್‌ಗಳ ಬಲಕ್ಕೆ ಸ್ನ್ಯಾಪ್ ಮತ್ತು ಡ್ರ್ಯಾಗ್ ಎಂಬ ಎರಡು ಮೆನು ಇವೆ.

ಸ್ನ್ಯಾಪ್ ಎಂದರೆ ನಿಮ್ಮ ಕ್ಲಿಕ್ ಹತ್ತಿರದ ಗ್ರಿಡ್ ಗೆರೆಗೆ ಅಂಟಿಕೊಳ್ಳುವುದು. ಡ್ರಮ್ ಲೂಪ್‌ಗೆ ಇದು ಬೇಕೇ ಬೇಕು, ಹಾಡಿದ ಧ್ವನಿಗೆ ಶತ್ರು. ಲೆಕ್ಕ ಹಾಕಿ ನೋಡಿ: 80 ಬಿಪಿಎಂ (ನಿಮಿಷಕ್ಕೆ 80 ಬೀಟ್) ಹಾಡಿನಲ್ಲಿ ಒಂದು ಬೀಟ್ 750 ಮಿಲಿಸೆಕೆಂಡ್. 1/16 ಗ್ರಿಡ್‌ನಲ್ಲಿ ಗೆರೆಯಿಂದ ಗೆರೆಗೆ 187.5 ಮಿಲಿಸೆಕೆಂಡ್. ಅಂದರೆ ನೀವು ಕತ್ತರಿಸಬೇಕೆಂದ ಜಾಗದಿಂದ ಸುಮಾರು 94 ಮಿಲಿಸೆಕೆಂಡ್‌ವರೆಗೂ ಆಚೀಚೆ ಗೆರೆ ಬೀಳಬಹುದು. ಒಂದು ವ್ಯಂಜನ ಪೂರ್ತಿ ಮಾಯವಾಗಲು ಅಷ್ಟು ಸಾಕು. ಲಾಜಿಕ್‌ನ ಒಂದು ಟಿಕ್ ಎಂದರೆ ಬೀಟಿನ 960ನೇ ಒಂದು ಭಾಗ, ಇದೇ ಟೆಂಪೋದಲ್ಲಿ ಸುಮಾರು 0.8 ಮಿಲಿಸೆಕೆಂಡ್. ಧ್ವನಿ ಎಡಿಟ್ ಮಾಡುವಾಗ ಸ್ನ್ಯಾಪ್ ಆಫ್ ಮಾಡಿ, ಇಲ್ಲವೇ ಟಿಕ್ಸ್‌ಗೆ ಇಡಿ. ‘ಸ್ಮಾರ್ಟ್’ ಎಂಬ ಆಯ್ಕೆ ಎಷ್ಟು ಜೂಮ್ ಮಾಡಿದ್ದೀರಿ ಎಂಬುದನ್ನು ನೋಡಿ ಗ್ರಿಡ್ ಬದಲಿಸುತ್ತದೆ. ದೂರದಿಂದ ನೋಡುತ್ತಿದ್ದಾಗ ಇಡೀ ಬಾರ್‌ಗೇ ಅಂಟಿಕೊಂಡೀತು. ಎಳೆಯುತ್ತಿರುವಾಗಲೇ ಕಂಟ್ರೋಲ್ ಮತ್ತು ಶಿಫ್ಟ್ ಎರಡನ್ನೂ ಹಿಡಿದರೆ ಸ್ನ್ಯಾಪ್‌ನ ಹಿಡಿತ ತಪ್ಪಿ ಸೂಕ್ಷ್ಮವಾಗಿ ಚಲಿಸಬಹುದು.

ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಲನ್ನು ಕಾಪಿ ಮಾಡುವಾಗ ಮಾತ್ರ ಸ್ನ್ಯಾಪ್ ಬಾರ್‌ಗೆ ಇಡಿ, ಜೊತೆಗೆ ಅದೇ ಮೆನುವಿನ ಕೆಳಗೆ ‘ರಿಲೇಟಿವ್’ ಆಯ್ಕೆ ಇರಲಿ. ಪಲ್ಲವಿಯ ರೀಜನ್ ಸಾಮಾನ್ಯವಾಗಿ ಗಾಯಕರ ಉಸಿರಿನಿಂದ, ಅಂದರೆ ಬಾರ್ ಗೆರೆಗಿಂತ ಸ್ವಲ್ಪ ಮೊದಲೇ ಶುರುವಾಗುತ್ತದೆ. ರಿಲೇಟಿವ್‌ನಲ್ಲಿ ಆ ‘ಸ್ವಲ್ಪ ಮೊದಲು’ ಹಾಗೇ ಉಳಿಯುತ್ತದೆ. ಆಬ್ಸಲ್ಯೂಟ್‌ನಲ್ಲಿ ಉಸಿರೇ ಬೀಟಿನ ಮೇಲೆ ಕೂತು ಹಾಡು ತಡವಾಗುತ್ತದೆ.

ತಾಳವನ್ನೂ ಮೊದಲೇ ಸರಿಪಡಿಸಿಕೊಳ್ಳಿ. ಮಿಶ್ರಛಾಪು ಹಾಡನ್ನು 4/4 ಪ್ರಾಜೆಕ್ಟ್‌ನಲ್ಲೇ ಧ್ವನಿಮುದ್ರಿಸಿ, ಬಾರ್ ಲೆಕ್ಕದಲ್ಲಿ ಕತ್ತರಿಸಿ ಕಾಪಿ ಮಾಡಿದರೆ ಆವರ್ತನಕ್ಕೂ ಬಾರ್‌ಗೂ ಹೊಂದಿಕೆಯೇ ಇರುವುದಿಲ್ಲ. 7/8 ಇಟ್ಟರೆ ಒಂದು ಬಾರ್ ಒಂದು ಆವರ್ತನ. ಖಂಡಛಾಪುವಿಗೆ 5/8. ಆದಿತಾಳಕ್ಕೆ 4/4 ಸಾಕು, ಎರಡು ಬಾರ್ ಸೇರಿ ಒಂದು ಆವರ್ತನ. ತಿಶ್ರ ನಡೆ ಇದ್ದರೆ ಡಿವಿಷನ್ (ಗ್ರಿಡ್‌ನ ಸಣ್ಣ ಭಾಗದ ಅಳತೆ) ಅನ್ನು 1/12ಕ್ಕೆ ಬದಲಿಸಿ.

ಇನ್ನು ಡ್ರ್ಯಾಗ್ ಮೆನು. ‘ನೋ ಓವರ್‌ಲ್ಯಾಪ್’ ಇದ್ದಾಗ ಒಂದು ರೀಜನ್ನನ್ನು ಇನ್ನೊಂದರ ಮೇಲೆ ಎಳೆದರೆ ಕೆಳಗಿನದು ಅಷ್ಟು ಭಾಗ ಕತ್ತರಿಸಿಹೋಗುತ್ತದೆ. ‘ಓವರ್‌ಲ್ಯಾಪ್’ನಲ್ಲಿ ಎರಡೂ ಉಳಿಯುತ್ತವೆ. ‘ಎಕ್ಸ್-ಫೇಡ್’ನಲ್ಲಿ ಅತಿಕ್ರಮಿಸಿದ ಜಾಗದಲ್ಲಿ ತಾನೇ ಕ್ರಾಸ್‌ಫೇಡ್ ಆಗುತ್ತದೆ, ಅಂದರೆ ಒಂದರ ಸದ್ದು ಇಳಿಯುತ್ತಾ ಇನ್ನೊಂದರದು ಏರುತ್ತದೆ. ಅಪಾಯ ಇರುವುದು ‘ಶಫಲ್’ ಎಂಬ ಎರಡರಲ್ಲಿ. ಅದರಲ್ಲಿ ಒಂದು ತುಂಡು ಅಳಿಸಿದರೆ ಉಳಿದ ತುಂಡುಗಳು ಸರಿದು ಖಾಲಿ ಜಾಗ ಮುಚ್ಚಿಕೊಳ್ಳುತ್ತವೆ. ಪಾಡ್‌ಕಾಸ್ಟ್ ಮಾತಿಗೆ ಇದು ಅನುಕೂಲ. ಹಾಡಿನಲ್ಲಿ ಮೊದಲ ಚರಣದ ಒಂದು ಉಸಿರು ತೆಗೆದರೆ ಕೊನೆಯ ಪಲ್ಲವಿಯವರೆಗೆ ಎಲ್ಲವೂ ತಾಳ ತಪ್ಪುತ್ತದೆ, ಮತ್ತು ಅದು ಗೊತ್ತಾಗುವುದು ತುಂಬಾ ಹೊತ್ತಾದ ಮೇಲೆ. ಆಗ ಆಪ್ಷನ್-ಝಡ್ ಒತ್ತಿ ಅನ್‌ಡೂ ಹಿಸ್ಟರಿ ತೆರೆದು ಆ ಹೆಜ್ಜೆಗೆ ಹಿಂತಿರುಗುವುದೇ ದಾರಿ.

ಮಾರ್ಕೀ ಯಾಕೆ, ಸಿಸರ್ಸ್ ಯಾಕೆ ಬೇಡ

ಸಿಸರ್ಸ್ ಒಂದು ಕ್ಲಿಕ್‌ಗೆ ಒಂದೇ ಗೆರೆ ಹಾಕುತ್ತದೆ. ಉಸಿರೊಂದನ್ನು ಬೇರ್ಪಡಿಸಲು ಎರಡು ಕ್ಲಿಕ್ ಬೇಕು, ಎರಡೂ ಸರಿಯಾಗಿ ಬೀಳಬೇಕು, ತಪ್ಪಿದರೆ ಅನ್‌ಡೂ. ಮಾರ್ಕೀಯಲ್ಲಿ ಮೊದಲು ಜಾಗ ಆರಿಸುತ್ತೀರಿ, ಕೇಳುತ್ತೀರಿ, ಅಂಚು ಸರಿಪಡಿಸುತ್ತೀರಿ, ಆಮೇಲೆ ಕತ್ತರಿಸುತ್ತೀರಿ.

ಹೀಗೆ ಮಾಡಿ. ಆ ಸಾಲಿನ ರೀಜನ್ ಆರಿಸಿ ‘ಝಡ್’ ಒತ್ತಿದರೆ ಅದು ಪರದೆ ತುಂಬುತ್ತದೆ. ಕಂಟ್ರೋಲ್ ಮತ್ತು ಆಪ್ಷನ್ ಹಿಡಿದು ಉಸಿರಿನ ಸುತ್ತ ಚೌಕ ಎಳೆದರೆ ಇನ್ನೂ ಹತ್ತಿರ ಹೋಗಬಹುದು. ಅದೇ ಎರಡು ಕೀಲಿ ಹಿಡಿದು ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿದರೆ ಹಿಂದಕ್ಕೆ ಬರುತ್ತದೆ. ಈಗ ಕಮಾಂಡ್ ಹಿಡಿದು ಉಸಿರಿನ ಆರಂಭದಿಂದ ಕೊನೆಯವರೆಗೆ ಎಳೆಯಿರಿ. ಸ್ಪೇಸ್ ಒತ್ತಿದರೆ ಆ ಆಯ್ದ ಭಾಗದಿಂದಲೇ ನುಡಿಸುತ್ತದೆ. ಅಂಚು ತಪ್ಪಿದ್ದರೆ ಶಿಫ್ಟ್ ಹಿಡಿದು ಅಂಚನ್ನು ಸರಿಸಿ. ಸರಿಯೆನಿಸಿದ ಮೇಲೆ ಕಮಾಂಡ್ ಬಿಟ್ಟು, ಪಾಯಿಂಟರ್‌ನಿಂದ ಆಯ್ದ ಭಾಗದ ಮೇಲೆ ಒಂದು ಕ್ಲಿಕ್. ಎರಡೂ ಬದಿ ಒಟ್ಟಿಗೆ ತುಂಡಾಗುತ್ತದೆ.

ಆ ಉಸಿರನ್ನು ಅಳಿಸಬೇಡಿ. ಎಡಗಡೆ ರೀಜನ್ ಇನ್‌ಸ್ಪೆಕ್ಟರ್‌ನಲ್ಲಿ ಗೇನ್ (ಸದ್ದಿನ ಮಟ್ಟ) ಅನ್ನು 6ರಿಂದ 10 ಡಿಬಿ ಇಳಿಸಿ. ಉಸಿರೇ ಇಲ್ಲದ ಹಾಡು ಕೇಳುವವರಿಗೆ ಕಾರಣ ತಿಳಿಯದೆಯೇ ಉಸಿರು ಕಟ್ಟಿಸುತ್ತದೆ. ಪೂರ್ತಿ ತೆಗೆಯಬೇಕಾದದ್ದು ಕಾಗದದ ಸದ್ದು, ಹೆಡ್‌ಫೋನ್‌ನಿಂದ ಸೋರಿದ ಕ್ಲಿಕ್, ಗಂಟಲು ಸರಿಪಡಿಸಿಕೊಂಡ ಸದ್ದು ಇಂಥವನ್ನು. ಅವಕ್ಕೆ ಮಾರ್ಕೀಯಿಂದ ಆರಿಸಿ ಡಿಲೀಟ್ ಒತ್ತಿದರೆ ಆ ಭಾಗ ಮಾತ್ರ ಹೋಗುತ್ತದೆ.

ಸಿಸರ್ಸ್‌ಗೆ ಅದರದೇ ಒಂದು ಕೆಲಸ ಇದೆ: ಆಪ್ಷನ್ ಹಿಡಿದು ಕ್ಲಿಕ್ ಮಾಡಿದರೆ ಮೊದಲ ತುಂಡಿನ ಅಳತೆಯಲ್ಲೇ ಇಡೀ ರೀಜನ್ ಸಮಭಾಗಗಳಾಗುತ್ತದೆ. ಟೆಂಪೋಗೆ ಕೂತ ತಬಲಾ ಲೂಪ್ ಅನ್ನು ಬೀಟ್ ಬೀಟಾಗಿ ತುಂಡು ಮಾಡಲು ಇದು ಚೆನ್ನ. ಪ್ಲೇಹೆಡ್ (ನುಡಿಸುವಾಗ ಚಲಿಸುವ ಸೂಚಕ) ಇರುವಲ್ಲೇ ಒಂದು ಗೆರೆ ಸಾಕು ಎಂದಾದರೆ ಟೂಲ್ ಬದಲಿಸದೆ ಕಮಾಂಡ್-ಟಿ.

ಕನ್ನಡದ ಸಾಲನ್ನು ಎಲ್ಲಿ ಕತ್ತರಿಸಬೇಕು

ಇಂಗ್ಲಿಷ್ ಹಾಡಿಗೆಂದು ಮಾಡಿದ ಪಾಠಗಳಲ್ಲಿ ‘ಪದ ಮುಗಿದಲ್ಲಿ ಕತ್ತರಿಸಿ’ ಎಂದಿರುತ್ತದೆ. ಕನ್ನಡದ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ, ಹಾಡುವಾಗ ಆ ಸ್ವರ ಎಳೆದು, ನಡುಗಿ, ಮುಂದಿನ ಪದಕ್ಕೆ ಸೇರಿಕೊಳ್ಳುತ್ತದೆ. ಪದ ಮುಗಿಯುವ ಜಾಗವೇ ಅತ್ಯಂತ ಕೆಟ್ಟ ಜಾಗ. ಒಳ್ಳೆಯ ಜಾಗ ಮುಂದಿನ ವ್ಯಂಜನದೊಳಗೆ ಇರುತ್ತದೆ.

ಕ, ಚ, ಟ, ತ, ಪ ಉಚ್ಚರಿಸುವಾಗ ಬಾಯಿ ಒಂದು ಕ್ಷಣ ಪೂರ್ತಿ ಮುಚ್ಚಿ ಆಮೇಲೆ ಸಿಡಿಯುತ್ತದೆ. ತರಂಗದಲ್ಲಿ ಇದು ಚಪ್ಪಟೆ ಗೆರೆ, ಅದರ ನಂತರ ಸಣ್ಣ ಮುಳ್ಳು. ಆ ಚಪ್ಪಟೆ ಭಾಗದಲ್ಲಿ ಕತ್ತರಿಸಿದರೆ ಯಾರ ಕಿವಿಗೂ ತಿಳಿಯದು. ‘ಅಕ್ಕ’, ‘ಮುತ್ತು’, ‘ಹೆಚ್ಚು’ ಇಂಥ ಒತ್ತಕ್ಷರಗಳಲ್ಲಿ ಈ ಮೌನ ಇನ್ನೂ ಉದ್ದ, ಎರಡು ಟೇಕ್ (ಒಂದೇ ಸಾಲನ್ನು ಬೇರೆ ಬೇರೆ ಸಲ ಹಾಡಿದ ಧ್ವನಿಮುದ್ರಣ) ಜೋಡಿಸಲು ಹೇಳಿ ಮಾಡಿಸಿದ ಜಾಗ. ಗ, ದ, ಬ ಇರುವಲ್ಲಿ ಬಾಯಿ ಮುಚ್ಚಿದಾಗಲೂ ಗಂಟಲಿನ ಮಂದ್ರ ಸದ್ದು ನಡೆಯುತ್ತಿರುತ್ತದೆ, ಗೆರೆ ಪೂರ್ತಿ ಚಪ್ಪಟೆಯಾಗದು. ಅಲ್ಲೂ ಕತ್ತರಿಸಬಹುದು, 5ರಿಂದ 10 ಮಿಲಿಸೆಕೆಂಡ್ ಕ್ರಾಸ್‌ಫೇಡ್ ಕೊಡಿ. ಸ, ಶ, ಷ ಬರೀ ಗಾಳಿಯ ಸದ್ದು. ಅದರ ಮಧ್ಯೆ ಕತ್ತರಿಸಿದರೂ ಜೋಡಣೆ ಕೇಳಿಸುವುದಿಲ್ಲ. ‘ಬಂದ’, ‘ತುಂಬಿ’ ಎಂಬಲ್ಲಿ ಅನುಸ್ವಾರ ಸ್ವರದಂತೆಯೇ ಶ್ರುತಿಯಲ್ಲಿ ನಿಲ್ಲುತ್ತದೆ, ಅದನ್ನು ಸ್ವರ ಎಂದೇ ಎಣಿಸಿ.

ಸ್ವರದ ನಡುವೆ ಕತ್ತರಿಸಲೇಬೇಕಾದರೆ ಶ್ರುತಿ ನಿಂತ ಜಾಗ ಹುಡುಕಿ. ಗಮಕದೊಳಗೆ ಬೇಡ. ಎರಡು ಟೇಕ್‌ಗಳಲ್ಲಿ ಕಂಪಿತದ (ಸ್ವರ ನಡುಗಿಸುವ ಗಮಕ) ಏರಿಳಿತ ಎಂದೂ ಒಂದೇ ಹೊತ್ತಿಗೆ ಬರುವುದಿಲ್ಲ, ಜೋಡಿಸಿದಲ್ಲಿ ಧ್ವನಿ ಟೊಳ್ಳಾಗಿ, ಇಬ್ಬರು ಹಾಡಿದಂತೆ ಕೇಳುತ್ತದೆ. ಗಮಕ ಪೂರ್ತಿ ಒಂದೇ ಟೇಕ್‌ನಿಂದ ತೆಗೆದುಕೊಳ್ಳಿ.

ಮೋಸ ಮಾಡುವ ಅಕ್ಷರ ‘ಹ’. ಅದು ಎಷ್ಟು ಮೆಲುವೆಂದರೆ ತರಂಗದಲ್ಲಿ ಮೌನದಂತೆಯೇ ಕಾಣುತ್ತದೆ. ಕಣ್ಣಿಗೆ ಕಂಡ ಉಬ್ಬಿನ ಮೊದಲೇ ಕತ್ತರಿಸಿದರೆ ‘ಹಾಲು’ ಹೋಗಿ ‘ಆಲು’ ಉಳಿಯುತ್ತದೆ. ಹಳೆಗನ್ನಡದ ‘ಪಾಲ್’ ಬಂದರಂತೂ ಕತೆ ಬೇರೆ: ಅಲ್ಲಿ ಆರಂಭಕ್ಕೆ ಉದ್ದ ಫೇಡ್ ಕೊಟ್ಟರೆ ‘ಪ’ದ ಸಿಡಿತವೇ ಸತ್ತುಹೋಗುತ್ತದೆ. ವೇವ್‌ಫಾರ್ಮ್ ಜೂಮ್ ಬಟನ್ ಒತ್ತಿ ತರಂಗದ ಎತ್ತರ ಹಿಗ್ಗಿಸಿ ನೋಡಿದರೆ ‘ಹ’ ಗೋಚರಿಸುತ್ತದೆ. ಅದು ಕಣ್ಣಿಗಷ್ಟೇ ದೊಡ್ಡದು ಮಾಡುತ್ತದೆ, ಸದ್ದು ಹೆಚ್ಚುವುದಿಲ್ಲ. ಟ್ರ್ಯಾಕ್ ಪೀಕ್ ಆಗಿದೆಯೆಂದು ಗಾಬರಿಯಾಗಬೇಡಿ.

ಕಂಟ್ರೋಲ್-ಎಕ್ಸ್ ಒತ್ತಿದರೆ ಬರುವ ಸ್ಟ್ರಿಪ್ ಸೈಲೆನ್ಸ್ ಮೌನವಿರುವ ಕಡೆಯೆಲ್ಲ ತಾನೇ ಕತ್ತರಿಸುತ್ತದೆ. ಅದಕ್ಕೆ ಭಾಷೆ ತಿಳಿಯದು. ನಿಧಾನ ಹಾಡಿನ ‘ಮುತ್ತು’ವಿನಲ್ಲಿ ‘ಮು’ ಒಂದು ರೀಜನ್, ‘ತು’ ಇನ್ನೊಂದು ರೀಜನ್ ಆಗಿಬಿಡುತ್ತದೆ. ಎಷ್ಟು ಹೊತ್ತಿನ ಮೌನವನ್ನು ಮೌನವೆಂದು ಎಣಿಸಬೇಕು ಎಂಬ ಅಂಕಿಯನ್ನು 0.4 ಸೆಕೆಂಡಿನ ಮೇಲಿಡಿ. ಪ್ರೀ-ಅಟ್ಯಾಕ್ (ಸದ್ದಿಗೆ ಮೊದಲು ಉಳಿಸುವ ಹೊತ್ತು) 0.03, ‘ಹ’ಕಾರ ಹೆಚ್ಚಿದ್ದರೆ 0.08. ಪೋಸ್ಟ್-ರಿಲೀಸ್ 0.2 ಇದ್ದರೆ ಸಾಲಿನ ಕೊನೆಯ ಸ್ವರ ಉಳಿಯುತ್ತದೆ.

ಫೇಡ್

ಕತ್ತರಿಸಿದ ಪ್ರತಿ ಅಂಚಿಗೂ ಫೇಡ್ ಬೇಕು. ತರಂಗ ಸೊನ್ನೆಯ ಮೇಲೆ ಇಲ್ಲದಿರುವಾಗ ಥಟ್ಟನೆ ನಿಂತರೆ ಅದೇ ‘ಟಕ್’ ಎಂಬ ಸದ್ದು. ಸ್ನ್ಯಾಪ್ ಮೆನುವಿನಲ್ಲಿ ‘ಸ್ನ್ಯಾಪ್ ಎಡಿಟ್ಸ್ ಟು ಝೀರೋ ಕ್ರಾಸಿಂಗ್ಸ್’ ಎಂಬುದಿದೆ. ಆನ್ ಮಾಡಿದರೆ ಟಕ್ ಕಡಿಮೆಯಾಗುತ್ತದೆ, ಆದರೆ ನೀವು ಹೇಳಿದ ಜಾಗದಿಂದ ಗೆರೆ ಸ್ವಲ್ಪ ಸರಿಯುತ್ತದೆ. ಫೇಡ್ ಕೊಡುವ ಅಭ್ಯಾಸವಿದ್ದರೆ ಅದರ ಅವಶ್ಯಕತೆ ಇಲ್ಲ.

ಫೇಡ್ ಟೂಲ್ ಹಿಡಿದು ರೀಜನ್‌ನ ಅಂಚನ್ನು ದಾಟುವಂತೆ ಎಳೆಯಿರಿ. ಎರಡು ರೀಜನ್ ಸೇರುವಲ್ಲಿ ಎಳೆದರೆ ಕ್ರಾಸ್‌ಫೇಡ್. ಬೇಡವಾದರೆ ಆಪ್ಷನ್ ಹಿಡಿದು ಕ್ಲಿಕ್. ಎಷ್ಟು ಉದ್ದ? ಮೌನದಲ್ಲಿ ಅಥವಾ ವ್ಯಂಜನದಲ್ಲಿ 3ರಿಂದ 5 ಮಿಲಿಸೆಕೆಂಡ್ (ಗ, ದ, ಬ ಇರುವಲ್ಲಿ ಮಾತ್ರ ಮೇಲೆ ಹೇಳಿದ 5ರಿಂದ 10), ನಿಂತ ಸ್ವರದಲ್ಲಿ 20ರಿಂದ 40, ಉಸಿರಿನ ಆರಂಭಕ್ಕೆ 50ರ ಸುಮಾರು. ಎಳೆದು ಅಂದಾಜು ಮಾಡುವುದಕ್ಕಿಂತ ರೀಜನ್ ಇನ್‌ಸ್ಪೆಕ್ಟರ್‌ನ ಫೇಡ್ ಸಾಲುಗಳಲ್ಲಿ ಅಂಕಿ ಬರೆಯುವುದು ವೇಗ. ಹತ್ತು ರೀಜನ್ ಆರಿಸಿ ಒಮ್ಮೆಲೇ ಬರೆಯಬಹುದು.

ಅಲ್ಲೇ ಕ್ರಾಸ್‌ಫೇಡ್‌ನ ಬಗೆಯೂ ಸಿಗುತ್ತದೆ. ಬೇರೆ ಬೇರೆ ಟೇಕ್ ಜೋಡಿಸುವಾಗ ‘ಈಕ್ವಲ್ ಪವರ್’ ಬೇಕು. ಸಾಮಾನ್ಯ ಕ್ರಾಸ್‌ಫೇಡ್ ಕೊಟ್ಟರೆ ನಡುವೆ ಸುಮಾರು 3 ಡಿಬಿ ಕುಸಿಯುತ್ತದೆ. ಒಂದೇ ಧ್ವನಿಮುದ್ರಿಕೆಯನ್ನು ಕತ್ತರಿಸಿ ಅದೇ ಜಾಗದಲ್ಲಿ ಸೇರಿಸುತ್ತಿದ್ದರೆ ಉಲ್ಟಾ: ಎರಡೂ ಬದಿಯ ತರಂಗ ಒಂದೇ ಆದ್ದರಿಂದ ಈಕ್ವಲ್ ಪವರ್ ನಡುವೆ 3 ಡಿಬಿ ಉಬ್ಬಿಸುತ್ತದೆ, ಅಲ್ಲಿ ಸಾಮಾನ್ಯದ್ದೇ ಸರಿ.

ಟೇಕ್ ಫೋಲ್ಡರ್‌ನಲ್ಲಿ (ಹಲವು ಟೇಕ್‌ಗಳ ಗುಂಪು) ಕ್ವಿಕ್ ಸ್ವೈಪ್ ಮಾಡಿ, ಅಂದರೆ ಟೇಕ್‌ಗಳ ಮೇಲೆ ಎಳೆದು, ಒಳ್ಳೆಯ ಭಾಗ ಆರಿಸುವಾಗ ಫೇಡ್ ತಾನೇ ಆಗುತ್ತದೆ. ಅದರ ಉದ್ದ ಸೆಟ್ಟಿಂಗ್ಸ್‌ನ ಆಡಿಯೋ ಪುಟದಲ್ಲಿ ‘ಕ್ರಾಸ್‌ಫೇಡ್ಸ್ ಫಾರ್ ಮರ್ಜ್ ಅಂಡ್ ಟೇಕ್ ಕಾಂಪಿಂಗ್’ ಎಂದಿರುವಲ್ಲಿ. ಸ್ವೈಪ್‌ನ ಅಂಚುಗಳನ್ನೂ ಮೇಲೆ ಹೇಳಿದ ವ್ಯಂಜನಗಳ ಒಳಗೇ ಇಡಿ. ಅಂಚು ಸರಿಪಡಿಸಲು ಜಾಗ ಸಾಲದೆ ಹೋದರೆ ಫೋಲ್ಡರನ್ನು ಫ್ಲ್ಯಾಟನ್ ಮಾಡಿ ಮಾಮೂಲಿ ರೀಜನ್‌ಗಳಾಗಿಸಿಕೊಳ್ಳಿ, ಅದಕ್ಕೆ ಮೊದಲು ಟ್ರ್ಯಾಕ್ ಆಲ್ಟರ್ನೇಟಿವ್‌ನಲ್ಲಿ (ಅದೇ ಟ್ರ್ಯಾಕ್‌ನ ಬದಲಿ ಆವೃತ್ತಿ) ಒಂದು ಪ್ರತಿ ಇಟ್ಟುಕೊಳ್ಳಿ.

ಉಳಿದವು ಚುಟುಕಾಗಿ

ಇರೇಸರ್ ಬದಲು ಮ್ಯೂಟ್ ಬಳಸಿ, ಅಥವಾ ರೀಜನ್ ಆರಿಸಿ ಕಂಟ್ರೋಲ್-ಎಂ. ಆಯ್ದ ರೀಜನ್ ಒಂದರ ಮೇಲೆ ಇರೇಸರ್‌ನಿಂದ ಕ್ಲಿಕ್ ಮಾಡಿದರೆ ಆಯ್ದವೆಲ್ಲವೂ ಹೋಗುತ್ತವೆ. ಗ್ಲೂ ಎಡಿಟ್ ಪೂರ್ತಿ ಮುಗಿದ ಮೇಲೆ ಮಾತ್ರ: ಬೇರೆ ಬೇರೆ ಕಡೆಯ ತುಂಡುಗಳನ್ನು ಅಂಟಿಸಿದಾಗ ಹೊಸ ಆಡಿಯೋ ಫೈಲ್ ಹುಟ್ಟುತ್ತದೆ, ಫೇಡ್‌ಗಳು ಅದರಲ್ಲಿ ಬೆಂದುಹೋಗುತ್ತವೆ, ಆಮೇಲೆ ಅಂಚು ಎಳೆದು ಹಿಂದಿನ ಉಸಿರು ತರಲಾಗದು. ಪೆನ್ಸಿಲ್ ಆಡಿಯೋ ಫೈಲ್ ಎಡಿಟರ್‌ನಲ್ಲಿ ಸ್ಯಾಂಪಲ್ ಮಟ್ಟಕ್ಕೆ ಜೂಮ್ ಮಾಡಿದಾಗ ಒಂಟಿ ಟಕ್ ಸದ್ದಿನ ಮುಳ್ಳನ್ನು ಕೈಯಿಂದಲೇ ಅಳಿಸಿ ಬರೆಯಲು ಬರುತ್ತದೆ. ನೆನಪಿಡಿ, ಆ ಎಡಿಟರ್‌ನ ‘ಫೈಲ್’ ಟ್ಯಾಬ್‌ನಲ್ಲಿ ಮಾಡಿದ್ದು ಡಿಸ್ಕ್‌ನಲ್ಲಿರುವ ಮೂಲ ಫೈಲಿಗೇ ತಗಲುತ್ತದೆ; ‘ಟ್ರ್ಯಾಕ್’ ಟ್ಯಾಬ್‌ನಲ್ಲಿ ಮಾಡಿದ್ದು ತಗಲುವುದಿಲ್ಲ.

ಮೃದಂಗಕ್ಕೆ ಎರಡು ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದರೆ ಎರಡೂ ಟ್ರ್ಯಾಕ್ ಒಟ್ಟಿಗೆ ಆರಿಸದೆ ಕತ್ತರಿಸಬೇಡಿ, ಸರಿಸಬೇಡಿ. ಒಂದೇ ಒಂದು ಮಿಲಿಸೆಕೆಂಡ್ ಹೆಚ್ಚುಕಡಿಮೆಯಾದರೂ ಎಡಬಲ ಮೈಕ್‌ಗಳ ಫೇಸ್ (ತರಂಗಗಳ ಹೊಂದಿಕೆ) ಕೆಟ್ಟು ನಾದ ತೆಳ್ಳಗಾಗುತ್ತದೆ. ಮಿಕ್ಸರ್‌ನಲ್ಲಿ ಎರಡಕ್ಕೂ ಒಂದೇ ಗ್ರೂಪ್ ಕೊಟ್ಟು, ಗ್ರೂಪ್ ಸೆಟ್ಟಿಂಗ್‌ನಲ್ಲಿ ಎಡಿಟಿಂಗ್ ಆಯ್ಕೆ ಆನ್ ಮಾಡಿದರೆ ಒಂದನ್ನು ಆರಿಸಿದಾಗ ಇನ್ನೊಂದೂ ಬರುತ್ತದೆ.

ಬೇರೆ ಸಾಫ್ಟ್‌ವೇರ್ ಇದ್ದರೆ

ಪ್ರೊ ಟೂಲ್ಸ್‌ನಲ್ಲಿ ಎಫ್6 ಟ್ರಿಮ್, ಎಫ್7 ಸೆಲೆಕ್ಟರ್, ಎಫ್8 ಗ್ರ್ಯಾಬರ್. ಇವುಗಳಲ್ಲಿ ಎರಡನ್ನು ಒಟ್ಟಿಗೆ ಒತ್ತಿದರೆ ಸ್ಮಾರ್ಟ್ ಟೂಲ್: ಕ್ಲಿಪ್‌ನ ಮೇಲರ್ಧ ಆರಿಸಲು, ಕೆಳಗಿನರ್ಧ ಸರಿಸಲು, ಅಂಚು ಟ್ರಿಮ್‌ಗೆ, ಮೂಲೆ ಫೇಡ್‌ಗೆ. ಲ್ಯಾಪ್‌ಟಾಪ್‌ನಲ್ಲಿ ಎಫ್ ಕೀಲಿಗಳು ಬ್ರೈಟ್‌ನೆಸ್ ಬದಲಿಸುತ್ತಿದ್ದರೆ ಜೊತೆಗೆ ಎಫ್‌ಎನ್ ಹಿಡಿಯಬೇಕು. ಅಲ್ಲಿಯೂ ಎಫ್1 ಎಂದರೆ ಶಫಲ್ ಮೋಡ್, ಅಪಾಯ ಮೇಲೆ ಹೇಳಿದ್ದೇ. ಧ್ವನಿಗೆ ಎಫ್2, ಅಂದರೆ ಸ್ಲಿಪ್.

ಕ್ಯೂಬೇಸ್‌ನಲ್ಲಿ 1 ಸಾಮಾನ್ಯ ಆಯ್ಕೆಗೆ, 2 ರೇಂಜ್‌ಗೆ, 3 ಕತ್ತರಿ, 4 ಗ್ಲೂ, 5 ಅಳಿಸಲು. ಮಾರ್ಕೀಯ ಜಾಗದಲ್ಲಿ ರೇಂಜ್ ಇಟ್ಟುಕೊಂಡು ಇದೇ ಕ್ರಮ ನಡೆಸಿ. ಎಫ್‌ಎಲ್ ಸ್ಟುಡಿಯೋದ ಪ್ಲೇಲಿಸ್ಟ್‌ನಲ್ಲಿ ‘ಸಿ’ ಸ್ಲೈಸ್, ‘ಇ’ ಸೆಲೆಕ್ಟ್, ‘ಟಿ’ ಮ್ಯೂಟ್, ‘ಎಸ್’ ಸ್ಲಿಪ್; ಈ ಸ್ಲಿಪ್ ಕ್ಲಿಪ್‌ನ ಅಂಚು ಹಾಗೇ ಇಟ್ಟು ಒಳಗಿನ ಸದ್ದನ್ನಷ್ಟೇ ಹಿಂದೆ ಮುಂದೆ ಸರಿಸುತ್ತದೆ, ತಡವಾಗಿ ಹಾಡಿದ ಒಂದು ಪದ ಸರಿಪಡಿಸಲು ಅನುಕೂಲ. ರೀಪರ್‌ನಲ್ಲಿ ಟೂಲ್ ಆರಿಸುವ ಪದ್ಧತಿಯೇ ಇಲ್ಲ. ಮೌಸ್ ಐಟಂನ (ರೀಜನ್‌ಗೆ ರೀಪರ್‌ನಲ್ಲಿರುವ ಹೆಸರು) ಯಾವ ಭಾಗದ ಮೇಲಿದೆ, ಯಾವ ಕೀಲಿ ಹಿಡಿದಿದ್ದೀರಿ ಎಂಬುದರ ಮೇಲೆ ಕೆಲಸ ಬದಲಾಗುತ್ತದೆ. ‘ಎಸ್’ ಒತ್ತಿದರೆ ಕರ್ಸರ್ ಇರುವಲ್ಲಿ ತುಂಡಾಗುತ್ತದೆ, ಆಲ್ಟ್ ಹಿಡಿದು ಐಟಂ ಎಳೆದರೆ ಒಳಗಿನ ಸದ್ದು ಸರಿಯುತ್ತದೆ. ಏನೂ ಆರಿಸದೆ ‘ಎಸ್’ ಒತ್ತಿದರೆ ಕರ್ಸರ್ ಕೆಳಗಿರುವ ಎಲ್ಲ ಟ್ರ್ಯಾಕ್‌ಗಳೂ ತುಂಡಾಗುತ್ತವೆ, ಆದ್ದರಿಂದ ಮೊದಲು ಧ್ವನಿಯ ಐಟಂ ಮೇಲೆ ಕ್ಲಿಕ್ ಮಾಡಿಕೊಳ್ಳಿ.